ರೀಟೇಕಿನ ಧಾರೆ

ಒಮ್ಮೆ ಆಗಿಹೋದದ್ದನ್ನು ಮತ್ತೆ ಆಗಿಸುತ್ತೇನೆಂದು ಹೊರಡುವ ಇಂಗ್ಲಿಷ್ ಪದಗಳನ್ನು ಕಂಡರೆ ನನಗೆ ಮೈ ಉರಿಯುತ್ತದೆ. ರಿಪೀಟ್, ರೀಪ್ಲೇ, ರೀಟೆಲಿಕಾಸ್ಟ್. ತೊಂಬತ್ತರ ದಶಕದಲ್ಲಿ ಇವು ನಮ್ಮೂರು ಗುಬ್ಬಿಗೂ ಬಂದವು. ಕ್ರಿಕೆಟ್ಟಿನಲ್ಲಿ ಔಟಾದವನು ಮತ್ತೊಮ್ಮೆ ಔಟಾಗುವುದನ್ನು ನೋಡಲು ನಮ್ಮ ಬೀದಿಯವರು ಬಾಯಿ ಬಿಟ್ಟುಕೊಂಡು ಕೂರುತ್ತಿದ್ದರು, ಎರಡನೇ ಸಲ ಎಲ್ಲಿ ಉಳಿದುಬಿಡುತ್ತಾನೋ ಎಂಬಂತೆ. ಅದನ್ನಾದರೂ ಸಹಿಸಬಹುದು. ರೀಟೇಕ್ ಎಂಬುದನ್ನು ಮಾತ್ರ ನಾನು ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ.

ಆ ಪದವನ್ನು ನಮ್ಮ ಮನೆಗೆ ತಂದವನು ಅಕ್ಕನ ಮದುವೆಯ ವಿಡಿಯೋದವನು. ಬೆಂಗಳೂರಿನಲ್ಲಿ ಯಾವುದೋ ಶೂಟಿಂಗಿನಲ್ಲಿ ಲೈಟು ಹಿಡಿದು ಬಂದಿದ್ದನಂತೆ. ಅಷ್ಟಕ್ಕೇ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಗುಬ್ಬಿಯ ಛತ್ರದಲ್ಲಿ ಅಂದು ಪುರೋಹಿತರಿಗಿಂತ ಅವನ ಮಾತೇ ನಡೆಯಿತು. ಆರತಿ ಎತ್ತಿದವರು ಮತ್ತೆ ಎತ್ತಿದರು. ಕಟ್ಟಿ ಮುಗಿದ ತಾಳಿಗೆ ಭಾವ ಮತ್ತೆ ಕೈ ಹಚ್ಚಿ, ಈಗಷ್ಟೇ ಕಟ್ಟುತ್ತಿರುವವರ ಹಾಗೆ ಹಲ್ಲು ಕಿರಿದರು. ಓದಿದವರು, ಬ್ಯಾಂಕಿನಲ್ಲಿ ಕೆಲಸದಲ್ಲಿದ್ದವರು! ಪುರೋಹಿತರೂ ಕ್ಯಾಮೆರಾದ ಕಡೆ ಒಂದು ಕಣ್ಣಿಟ್ಟುಕೊಂಡೇ ಮಂತ್ರ ಹೇಳುತ್ತಿದ್ದರು.

ನಮ್ಮಲ್ಲಿ ತಾಳಿಯಾದ ಮೇಲೆ ಧಾರೆ. ಹೆಣ್ಣುಗಂಡಿನ ಕೈಗಳಲ್ಲಿ ತೆಂಗಿನಕಾಯಿ ಇಟ್ಟು, ಹೆತ್ತವರು ಮೊದಲಾಗಿ ಬಂಧುಗಳೆಲ್ಲ ಅದರ ಮೇಲೆ ಹಾಲು ಎರೆಯುತ್ತಾರೆ. ಅಪ್ಪ ತೀರಿಕೊಂಡಿದ್ದರಿಂದ ಚಿಕ್ಕಪ್ಪ ಚಿಕ್ಕಮ್ಮ ಹೆತ್ತವರ ಜಾಗದಲ್ಲಿ ನಿಂತು ಎರೆದಿದ್ದರು. ಗಂಡನಿಲ್ಲದವಳು ಹಾಲಿನ ಚೊಂಬು ಮುಟ್ಟಬಾರದೆಂದು ಹಿರಿಯರು ಅವ್ವನನ್ನು ಕಂಬದ ಹಿಂದೆ ನಿಲ್ಲಿಸಿದ್ದರು. ಅವಳು ಒಬ್ಬಳೇ ತೋಟ ನೋಡಿಕೊಂಡು, ಕೊಬ್ಬರಿ ಮಾರಿ ಮಗಳನ್ನು ಓದಿಸುವಾಗ ಈ ಹಿರಿಯರಲ್ಲಿ ಒಬ್ಬರೂ ಪತ್ತೆ ಇರಲಿಲ್ಲ. ನೆನೆದರೆ ಈಗಲೂ ಉಗಿಯಬೇಕೆನಿಸುತ್ತದೆ.

ಬಂಧುಗಳದೆಲ್ಲ ಮುಗಿದರೂ ಅಕ್ಕ ಕೈ ಒಡ್ಡಿಕೊಂಡೇ ನಿಂತಳು. "ಅವ್ವ ಹಾಲು ಹಾಕೋವರ್ಗೂ ನಾನು ಕೈ ತೆಗೆಯಲ್ಲ" ಎಂದಳು. ಛತ್ರದ ತುಂಬಾ ಗುಸುಗುಸು. ಕೊನೆಗೆ ಅವ್ವ ಬಂದಳು. ಚೊಂಬು ಹಿಡಿದು ಎರೆದಳು. ಅರ್ಧ ಹಾಲು ಅಕ್ಕನ ಸೀರೆಯ ಮೇಲೆ ಚೆಲ್ಲಿತು. ಅಕ್ಕ ಅತ್ತಳು, ನಾನೂ ಅತ್ತೆ. ಅಷ್ಟು ಸಂತೋಷ ನಮ್ಮ ಮನೆ ಮತ್ತೆ ಕಂಡಿಲ್ಲ.

ಕ್ಯಾಸೆಟ್ ಬದಲಿಸುತ್ತಿದ್ದ ವಿಡಿಯೋದವನು ಆಗ ತಲೆಯೆತ್ತಿ, "ಅಯ್ಯೋ ಮಿಸ್ಸಾಯ್ತು, ರೀಟೇಕ್!" ಎಂದು ಕೂಗಿದ.

ಅವ್ವ ಮತ್ತೆ ಚೊಂಬು ಎತ್ತಿಕೊಂಡಳು. ಕುಣಿಗಲ್ಲಿನ ಬೀಗಿತ್ತಿ, ಅಂದರೆ ಭಾವನ ತಾಯಿ, ನಗುನಗುತ್ತಲೇ ಅದನ್ನು ಅವಳ ಕೈಯಿಂದ ತೆಗೆದುಕೊಂಡರು. "ನಿಮ್ದು ಆಯ್ತಲ್ಲ ಬುಡ್ರವ್ವ. ವಿಡಿಯೋಗೆ ನಿಮ್ಮ ವಾರಗಿತ್ತಿನೇ ಇನ್ನೊಂದ್ಸಲ ಹಾಕ್ಲಿ. ನಾಳೆ ನಾಕು ಜನ ನೋಡೋದು."

ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು ಬಂದು, ಒಂದು ಹನಿಯೂ ಆಚೆ ಬೀಳದಂತೆ ಎರೆದಳು. ಅಕ್ಕನ ಕಣ್ಣೀರು ಇನ್ನೂ ಆರಿರಲಿಲ್ಲ. ವಿಡಿಯೋದಲ್ಲಿ ಅದೂ ಚಿಕ್ಕಮ್ಮನ ಪಾಲಾಯಿತು. "ಸೂಪರ್" ಎಂದ ಆ ಮಹಾಶಯ.

ಕುಣಿಗಲ್ಲಿನ ಮನೆಗೆ ಯಾರೇ ಬಂದರೂ ಕಾಫಿಗಿಂತ ಮೊದಲು ಆ ಕ್ಯಾಸೆಟ್ ಬರುತ್ತಿತ್ತು. ಧಾರೆಯ ಕಡೆ ಬಂದಾಗ ಬೀಗಿತ್ತಿ ಕಿರಿಮಗನಿಗೆ, "ರೀಪ್ಲೇ ಮಾಡು ಕಣ್ಲಾ, ಎಷ್ಟು ಚೆಂದಾಗಿ ಬಂದೈತೆ" ಎನ್ನುತ್ತಿದ್ದರು. ಅವ್ವ ನನ್ನ ಜೊತೆ ಅಲ್ಲಿಗೆ ಹೋದಾಗಲೂ ನಾಚಿಕೆಯಿಲ್ಲದೆ ಕೂರಿಸಿ ತೋರಿಸಿದರು. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಹಲ್ಲು ಕಡಿಯುತ್ತಿದ್ದರೆ ಅವ್ವ, "ಉರ್ಕೋಬ್ಯಾಡ ಕಣೋ. ಟೀವಿಲಿ ಇಲ್ದಿದ್ರೇನು, ನಿಮ್ಮಕ್ಕಂಗೆ ಗೊತ್ತೈತಲ್ಲ, ನಂಗಷ್ಟು ಸಾಕು" ಎಂದಳು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಅಕ್ಕ ಭಾವ ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಮನೆ ಮಾಡಿದರು. ಆ ಕ್ಯಾಸೆಟ್ಟನ್ನು ಸಿ.ಡಿ. ಮಾಡಿಸಿದರು. ಸಾಯಬೇಕಾದದ್ದು ಸಾಯಲಿಲ್ಲ. ಒಂದು ಭಾನುವಾರ ಊಟವಾದ ಮೇಲೆ, ನಾನೂ ಅವ್ವನೂ ಅಲ್ಲಿದ್ದಾಗ, ಅಕ್ಕನ ಮಗಳು ಅದನ್ನು ಹಾಕಿದಳು. ಧಾರೆ ಮುಗಿಯುತ್ತಿದ್ದಂತೆ, "ಅಜ್ಜಿ, ನೀನ್ಯಾಕೆ ಹಾಲು ಹಾಕ್ಲಿಲ್ಲ?" ಎಂದು ಕೇಳಿದಳು.

"ಹಾಕಿದ್ದೆ ಕಣವ್ವ. ನಿಮ್ಮಮ್ಮನ್ನೇ ಕೇಳು."

ಬಟ್ಟೆ ಮಡಿಸುತ್ತಿದ್ದ ಅಕ್ಕ ಟೀವಿಯ ಕಡೆ ನೋಡಿ ಯೋಚಿಸಿದಳು.

"ನಾನು ಹಠ ಮಾಡಿದ್ದು ನೆನಪಿದೆ ಅವ್ವ. ಆದ್ರೆ ಕೊನೆಗೂ ನಿನ್ನ ಬಿಡ್ಲಿಲ್ವಲ್ಲ? ಚಿಕ್ಕಮ್ಮನೇ ಅಲ್ವಾ ಹಾಕಿದ್ದು?"

ಅವಳು ಸುಳ್ಳು ಹೇಳುತ್ತಿರಲಿಲ್ಲ. ಹೇಳಿದ್ದರೆ ಅಲ್ಲೇ ಜಗಳವಾಡುತ್ತಿದ್ದೆ.

"ಇರು ಅಜ್ಜಿ, ತೋರಿಸ್ತೀನಿ" ಎಂದು ಮೊಮ್ಮಗಳು ಹಿಂದಕ್ಕೆ ಓಡಿಸಿ ಮತ್ತೆ ಹಾಕಿದಳು. ಅವ್ವ ಕನ್ನಡಕ ಏರಿಸಿಕೊಂಡು ಕೊನೆಯವರೆಗೂ ನೋಡಿದಳು.

"ಇರ್ಬೋದು ಬುಡು" ಎಂದಳು.