ಎತ್ತಿನ ಗಾಡಿಯ ಪ್ಲಾಟ್‌ಫಾರಂ

ನಂಜನಗೂಡಿನ ರೈಲು ಇನ್ನೂ ಕಲ್ಲಿದ್ದಲಿನ ಹೊಗೆ ಬಿಡುತ್ತಾ ಓಡಾಡುತ್ತಿದ್ದ ಕಾಲ. ಕಿಟಕಿಯಾಚೆ ತಲೆ ಹಾಕಿದರೆ ಕಣ್ಣಿಗೆ ಕರಿ ಬೀಳುತ್ತಿತ್ತು. ಹಾಕದೆ ಕೂರಲು ನಮ್ಮಂಥ ಮಕ್ಕಳಿಂದ ಆಗುತ್ತಿರಲಿಲ್ಲ. ನಮ್ಮ ಮನೆ ಮೈಸೂರಿನ ಯಾದವಗಿರಿಯಲ್ಲಿ, ಸ್ಟೇಷನ್ನಿನ ಸದ್ದೆಲ್ಲ ಅಡುಗೆಮನೆಗೇ ಬರುತ್ತಿತ್ತು. ರೈಲು ಕೂಗಿದಾಗಲೆಲ್ಲ ನಮ್ಮಜ್ಜಿ, "ನನ್ ತಂಗಿ ಊರ್‌ಗೆ ಒಂಟೋಯ್ತು ನೋಡು" ಎಂದು ನಿಟ್ಟುಸಿರು ಬಿಡುತ್ತಿದ್ದರು.

ಅಜ್ಜಿಯ ತಂಗಿ, ಅಂದರೆ ನಮ್ಮ ಚಿಕ್ಕಜ್ಜಿ, ಆ ದಾರಿಯ ಒಂದು ಹಳ್ಳಿಯಲ್ಲಿದ್ದರು. ಬಸ್ಸು ಆ ಕಡೆ ಹೋಗುತ್ತಿರಲಿಲ್ಲ. ರೈಲೇನೋ ನಿಲ್ಲುತ್ತಿತ್ತು, ಆದರೆ ಪ್ಲಾಟ್‌ಫಾರಂ ಇರಲಿಲ್ಲ. ಒಂದು ಹೆಸರಿನ ಹಲಗೆ, ಒಂದು ಹೊಂಗೆಮರ, ಅಷ್ಟೇ. ಮೈಸೂರಿನಲ್ಲಿ ಸಲೀಸಾಗಿ ಹತ್ತಿದವರು ಅಲ್ಲಿ ಜಲ್ಲಿಕಲ್ಲಿನ ಮೇಲೆ ಧುಮುಕಬೇಕು. ಅಜ್ಜಿಗೆ ಮಂಡಿ ಮಡಚಲು ಆಗುತ್ತಿರಲಿಲ್ಲ. ಹಿಂದೊಮ್ಮೆ ಇಬ್ಬರು ರಟ್ಟೆ ಹಿಡಿದು ಇಳಿಸಿದಾಗ ಯಾವನೋ, "ಮೂಟೆ ಇಳೀತು, ರೈಟ್!" ಎಂದು ಕೂಗಿದ್ದನಂತೆ. ಇಳಿದರೆ ನನ್ನ ಕಾಲ ಮೇಲೆ ಇಳಿಯುತ್ತೇನೆ, ಇಲ್ಲದಿದ್ದರೆ ತಂಗಿ ಮನೆಯೇ ಬೇಡ ಎಂದು ಅಜ್ಜಿ ಅವತ್ತೇ ಹಟ ಹಿಡಿದರು. ಕೆಳಗಿನಿಂದ ರೈಲು ಹತ್ತುವುದು ಚಿಕ್ಕಜ್ಜಿಯ ಕೈಲೂ ಆಗದ ಮಾತು. ಹೀಗೆ ಅಕ್ಕತಂಗಿ ಮುಖ ನೋಡಿ ಎರಡು ವರ್ಷವಾಗಿತ್ತು.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ, ಅವರೆಕಾಯಿ ಕಾಲದಲ್ಲಿ, ಅಜ್ಜಿಗೆ ತಡೆಯಲಾಗಲಿಲ್ಲ. ಎಂಗಾರ ಇಳೀತೀನಿ ಎಂದು ತಂಬಿಟ್ಟಿನ ಡಬ್ಬಿ ಹಿಡಿದು, ನನಗೊಂದು ಅರ್ಧ ಟಿಕೆಟ್ಟು ಮಾಡಿಸಿ ಹೊರಟೇಬಿಟ್ಟರು. ಹಳ್ಳಿ ಬಂತು. ಕೆಳಗೆ ಚಿಕ್ಕಜ್ಜಿ ಮಡಿಲ ತುಂಬ ಅವರೆಕಾಯಿ ಕಟ್ಟಿಕೊಂಡು ನಿಂತಿದ್ದರು. ಸೊಗಡಿನ ವಾಸನೆ ರೈಲಿನೊಳಕ್ಕೇ ಬರುತ್ತಿತ್ತು.

"ಇಳಿಯೇ ಅಕ್ಕ!" ಎಂದರು ಚಿಕ್ಕಜ್ಜಿ.

ಬಾಗಿಲಲ್ಲಿ ನಿಂತು ಬಗ್ಗಿ ನೋಡಿದ ಅಜ್ಜಿ, "ತಡಿಯೇ, ನೆಲ ವಸಿ ದೂರ ಐತೆ!" ಎಂದರು.

ನೆಲ ಹತ್ತಿರವಾಗುವ ಮೊದಲೇ ರೈಲು ಹೊರಟಿತು. ಚಿಕ್ಕಜ್ಜಿ ಅವರೆಕಾಯಿಯನ್ನೆಲ್ಲ ಕಿಟಕಿಯೊಳಕ್ಕೆ ಎಸೆದು, "ಬರೋ ಶುಕ್ರವಾರ ಬಾ, ನಾನೊಂದು ದಾರಿ ಮಾಡ್ತೀನಿ!" ಎಂದು ಕೂಗಿದರು.

ನಂಜನಗೂಡಿನಲ್ಲಿ ಟಿಕೆಟ್ ಕಲೆಕ್ಟರು ಹೆಚ್ಚಿನ ಚಾರ್ಜು ಕೇಳಿದರು. "ಇಳಿಸ್ದೆ ಒತ್ಕೊಂಡ್ ಬಂದೋರು ನೀವು ಕಣಪ್ಪ, ನಾನ್ಯಾಕೆ ಕೊಡ್ಲಿ?" ಎಂದರು ಅಜ್ಜಿ. ಆತ ನಕ್ಕು, ಎರಡು ತಂಬಿಟ್ಟು ತಿಂದು, ನಮ್ಮನ್ನು ಬಿಟ್ಟುಬಿಟ್ಟರು.

ಮುಂದಿನ ಶುಕ್ರವಾರ ನೋಡುತ್ತೇವೆ, ಹಳಿಯ ಪಕ್ಕ ಎತ್ತಿನ ಗಾಡಿ! ರೈಲಿನ ಬಾಗಿಲಿಗೂ ಗಾಡಿಯ ಹಲಗೆಗೂ ಹೆಚ್ಚುಕಡಿಮೆ ಒಂದೇ ಎತ್ತರ. ಹುಲ್ಲು ಹಾಸಿ, ಮೇಲೆ ಜಮಖಾನ ಹಾಸಿ, ಅಕ್ಕನನ್ನು ಬರಮಾಡಿಕೊಳ್ಳಲು ಚಿಕ್ಕಜ್ಜಿಯೇ ಗಾಡಿಯಲ್ಲಿ ಕುಳಿತಿದ್ದರು. ಅಜ್ಜಿ ಕಾಲೆತ್ತುವ ಹೊತ್ತಿಗೆ ಇಂಜಿನ್ ಕೂಗಿತು. ಎತ್ತುಗಳು ಬೆದರಿ, ಚಿಕ್ಕಜ್ಜಿಯ ಸಮೇತ ಹುರುಳಿ ಹೊಲದ ನಡುವೆ ಓಟ ಕಿತ್ತವು. "ಅಕ್ಕೋ..." ಎಂಬ ಕೂಗು ದೂರವಾಗುತ್ತಾ ಹೋಯಿತು. ತಂಗಿ ಹುಷಾರಾಗಿ ಕೈ ಬೀಸುವುದು ಕಂಡ ಮೇಲೆ ಅಜ್ಜಿ ನಂಜನಗೂಡಿನವರೆಗೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅದರ ಮುಂದಿನ ವಾರ ಎತ್ತುಗಳಿಗೆ ರಜೆ. ಚಿಕ್ಕಜ್ಜಿಯ ಮಗ ಪುಟ್ಟಸ್ವಾಮಿ ಚಿಕ್ಕಪ್ಪ ಊರ ಹುಡುಗರನ್ನು ಕೂಡಿಸಿಕೊಂಡು ಬರಿಗಾಡಿಯನ್ನು ನಾವಿದ್ದ ರೈಲುಡಬ್ಬಿಯ ಬಾಗಿಲ ತನಕ ತಳ್ಳಿಕೊಂಡು ಬಂದು, ಮುಂದಿನ ಮೂಕಿಮರಕ್ಕೆ ಗೂಟ ಕೊಟ್ಟು ನಿಲ್ಲಿಸಿದರು. ಗಾರ್ಡು ಓಡಿಬಂದರು.

"ರೈಲಿನ ಪಕ್ಕ ಗಾಡಿ ನಿಲ್ಲಿಸೋ ಹಾಗಿಲ್ಲ ಕಣ್ರೀ, ತೆಗೀರಿ!"

"ಆಯ್ತು ಸ್ವಾಮಿ, ತೆಗೆದ್ಬುಡ್ತೀವಿ," ಎಂದರು ಕೆಳಗೆ ನಿಂತಿದ್ದ ಚಿಕ್ಕಜ್ಜಿ. "ನಮ್ಮಕ್ಕ ಇಳಿಯೋಗಂಟ ನೀವು ವಸಿ ಆ ಕಡೆ ನೋಡಿ."

ಗಾರ್ಡು ನಿಜವಾಗಿಯೂ ಆ ಕಡೆ ತಿರುಗಿ, ಬಾವುಟ ಸುತ್ತಿಕೊಂಡು ನಿಂತರು.

ಅಜ್ಜಿ ಸೆರಗು ಸಿಕ್ಕಿಸಿಕೊಂಡು, ಯಾರ ಕೈಯನ್ನೂ ಹಿಡಿಯದೆ, ರೈಲಿನಿಂದ ಗಾಡಿಗೆ ಹೆಜ್ಜೆ ಇಟ್ಟರು. ಡಬ್ಬಿಯ ಜನವೆಲ್ಲ ಚಪ್ಪಾಳೆ ತಟ್ಟಿತು. ಚಿಕ್ಕಜ್ಜಿ ಗಾಡಿಯ ಪಕ್ಕದಿಂದಲೇ ಅಕ್ಕನ ಪಾದ ಹಿಡಿದುಕೊಂಡು ಅತ್ತರು, ನನಗೂ ಯಾಕೋ ಅಳು ಬಂತು. ಹಿಂದೆಯೇ ಒಬ್ಬ ತುಂಬುಬಸುರಿ, "ನಾನೂ ಇಳಿಯಲೇನ್ರವ್ವ?" ಎಂದು ಕೇಳಿದಳು. ಅವಳನ್ನೂ ಇಳಿಸಿಕೊಂಡೆವು. ಹುಡುಗರು ಗಾಡಿಯನ್ನು ಹಾಗೇ ಮನೆಯ ಜಗಲಿಯವರೆಗೂ ತಳ್ಳಿಕೊಂಡು ಹೋದರು. ಆ ರಾತ್ರಿ ಹಿತಕಿದ ಬೇಳೆ ಸಾರು, ರಾಗಿಮುದ್ದೆ. ಬೆಳಗಾಗುವಷ್ಟರಲ್ಲಿ ಸಾರಿಗೆ ಉಪ್ಪು ಜಾಸ್ತಿಯಾಯಿತೋ ಇಲ್ಲವೋ ಎಂದು ಅಕ್ಕತಂಗಿಗೆ ಜಗಳವೂ ಆಗಿತ್ತು.

ಅಲ್ಲಿಂದ ಮುಂದೆ ಚಿಕ್ಕಪ್ಪನ ಹಳೇ ಗಾಡಿ ಹೊಂಗೆಮರದ ಕೆಳಗೇ ಉಳಿಯಿತು, ಅದರ ಹಿಂದಕ್ಕೊಂದು ಇಳಿಜಾರು ಹಲಗೆಯೂ ಬಂತು. ವಯಸ್ಸಾದವರು, ಬಾಣಂತಿಯರು, ಕುಂಟುವವರು ಎಲ್ಲರೂ ಅದರ ಮೇಲೇ ಹತ್ತಿ ಇಳಿದರು. ಎಷ್ಟೋ ವರ್ಷದ ಮೇಲೆ ರೈಲ್ವೆಯವರು ಕಲ್ಲಿನ ಕಟ್ಟೆ ಕಟ್ಟಿಸಿದರು.

ಈಗ ನನಗೂ ಮಂಡಿನೋವು. ಸ್ಟೇಷನ್ನುಗಳಲ್ಲಿ ಲಿಫ್ಟು, ಇಳಿಜಾರು ದಾರಿ ಎಲ್ಲ ಬಂದಿವೆ. ಮಾಡಿದವರ ಹೊಟ್ಟೆ ತಣ್ಣಗಿರಲಿ. ಹೋದ ತಿಂಗಳು ಆ ಹಳ್ಳಿಯಲ್ಲಿ ರೈಲು ನಿಂತಾಗ ಎದ್ದು ಬಾಗಿಲಿಗೆ ಹೋದೆ. ಎತ್ತರದ, ಚೊಕ್ಕವಾದ ಪ್ಲಾಟ್‌ಫಾರಂ. ಸುಮ್ಮನೆ ಒಂದು ಹೆಜ್ಜೆ ಇಟ್ಟರೆ ಸಾಕಿತ್ತು. ಇಳಿದು ಯಾರ ಮನೆಗೆ ಹೋಗಲಿ ಎಂದು ಹೊಳೆಯದೆ, ವಾಪಸು ಬಂದು ಕುಳಿತೆ.