ಡೆನ್ಮಾರ್ಕ್ ಬಾಗಿಲು ಹಾಕಿದ ಜುಲೈ

ಎಪ್ಪತ್ತರ ದಶಕದ ಆರಂಭದಲ್ಲಿ ನಾನು ಅಮೆರಿಕದ ನ್ಯೂಜೆರ್ಸಿಯಲ್ಲಿ, ಮೆಟುಚೆನ್ ಎಂಬ ಊರಿನ ಒಂದು ರೆಕಾರ್ಡ್ ಕಂಪನಿಯಲ್ಲಿ ಕೆಲಸಕ್ಕಿದ್ದೆ. ಆಫೀಸು ಎಂದರೆ ರೈಲ್ವೆ ಸ್ಟೇಷನ್ನಿನ ಹತ್ತಿರ, ಡ್ರೈ ಕ್ಲೀನರ್ ಅಂಗಡಿಯ ಮೇಲಿನ ಎರಡು ಕೋಣೆ. ಡೆನ್ಮಾರ್ಕಿನ ಸಂಗೀತವನ್ನು, ಹಳೆಯ ಶಾಸ್ತ್ರೀಯದ್ದನ್ನೂ ಆಗಿನ ಹೊಸಬರದ್ದನ್ನೂ, ಅಮೆರಿಕದವರ ಕಿವಿಗೆ ಬೀಳಿಸುವುದು ಕಂಪನಿಯ ಉದ್ದೇಶ. ಅಮೆರಿಕದವರು ಕಿವಿ ಕೊಡುತ್ತಿರಲಿಲ್ಲ, ಅದು ಬೇರೆ ಮಾತು. ರೇಡಿಯೋ ಸ್ಟೇಷನ್ನುಗಳಿಗೂ ಲೈಬ್ರರಿಗಳಿಗೂ ರೆಕಾರ್ಡು ಕಳಿಸುವುದು, ಆಮೇಲೆ ಫೋನ್ ಮಾಡಿ ಕೇಳಿದಿರಾ ಎಂದು ಪೀಡಿಸುವುದು ನನ್ನ ಕೆಲಸ. ಮೈಸೂರಿನಲ್ಲಿ ವೀಣೆ ಕಲಿತವಳು ಎಂದು ನನ್ನನ್ನು ತೆಗೆದುಕೊಂಡಿದ್ದರು. ಪೀಡಿಸುವುದರಲ್ಲಿ ನನಗೆ ಅದಕ್ಕಿಂತ ಹೆಚ್ಚಿನ ವಿದ್ವತ್ತು ಇದೆ ಎಂದು ನನ್ನ ಗಂಡ ಹೇಳುತ್ತಿದ್ದರು.

ಕಂಪನಿಯ ಯಜಮಾನರು ಅರವತ್ತು ದಾಟಿದ ಡೆನ್ಮಾರ್ಕಿನವರು. ಹೆಂಡತಿ ಮಕ್ಕಳಿಲ್ಲ, ಇದ್ದದ್ದು ಒಬ್ಬ ಅಕ್ಕ. ಆಕೆ ಸಂಗೀತ ರಚಿಸುವವರು. ವಯಸ್ಸಿನಲ್ಲಿದ್ದಾಗ ನಾಲ್ಕು ತಂತಿವಾದ್ಯಗಳಿಗೆಂದು ಒಂದು ಕ್ವಾರ್ಟೆಟ್ ಬರೆದಿದ್ದರು. ಹೆಂಗಸಿನ ಕೃತಿಯೆಂದು ಮೂಗು ಮುರಿದವರೇ ಎಲ್ಲ, ನುಡಿಸಿದವರು ಯಾರೂ ಇಲ್ಲ. ಊರು ಬಿಟ್ಟು ತಮ್ಮನ ಜೊತೆ ಬಂದು, ನ್ಯೂಜೆರ್ಸಿಯ ಮಕ್ಕಳಿಗೆ ಪಿಯಾನೊ ಹೇಳಿಕೊಟ್ಟು, ಅವರ ಬೆರಳುಗಳನ್ನೂ ತಾಯಂದಿರ ಇಂಗ್ಲಿಷನ್ನೂ ತಿದ್ದುತ್ತಾ ಮುದುಕಿಯಾದರು. ನನ್ನನ್ನೂ ಬಿಟ್ಟಿರಲಿಲ್ಲ. ನಾನು ಬಾಗಿಲು ಹಾಕಿದ ಸದ್ದಿಗೂ ಅವರಲ್ಲಿ ಒಂದು ತಿದ್ದುಪಡಿ ಇರುತ್ತಿತ್ತು.

ಆ ವರ್ಷ ಅಕ್ಕನ ಹೃದಯ ಸೋತಿತು. ಬೇಸಿಗೆ ಕಳೆಯುವುದು ಕಷ್ಟ ಎಂದರು ಡಾಕ್ಟರು. ಯಜಮಾನರು ಕೋಪನ್‌ಹೇಗನ್‌ಗೆ ಹೋಗಿ, ನಾಲ್ವರು ವಾದಕರ ಕೈಕಾಲು ಹಿಡಿದು, ಆ ಕೃತಿಯನ್ನು ಧ್ವನಿಮುದ್ರಣ ಮಾಡಿಸಿ ಬಂದರು. ಅಕ್ಕ ಅದನ್ನು ಒಂದೇ ಒಂದು ಸಲ ಕಿವಿಯಾರೆ ಕೇಳಬೇಕು. ಯಜಮಾನರಿಗೆ ಬೇಕಾಗಿದ್ದದ್ದು ಇಷ್ಟೇ.

ಅಚ್ಚಾದ ರೆಕಾರ್ಡುಗಳ ಮೊದಲ ಪೆಟ್ಟಿಗೆ ಜುಲೈನಲ್ಲಿ ವಿಮಾನದಲ್ಲಿ ಬಂತು. ಏರ್‌ಪೋರ್ಟಿನಿಂದ ಅದನ್ನು ಬಿಡಿಸಿಕೊಂಡು, ಮೊದಲು ಆಫೀಸಿನಲ್ಲಿ ತಾವು ಕೇಳಿ ನೋಡಿ ಆಮೇಲೆ ಅಕ್ಕನ ಮುಂದೆ ಇಡಬೇಕೆಂದು ಯಜಮಾನರು ಹೊರಟಿದ್ದರು. ಅಕ್ಕನಿಗೆ ಉಸಿರು ಕಟ್ಟುತ್ತಿದೆ ಎಂದು ಆಸ್ಪತ್ರೆಯಿಂದ ಬೆಳಿಗ್ಗೆಯೇ ಸುದ್ದಿ ಬಂದಿತ್ತು. ಮನಸ್ಸು ತಡೆಯದೆ ದಾರಿಯಲ್ಲೇ ಆಸ್ಪತ್ರೆಗೆ ತಿರುಗಿದವರು, ಪೆಟ್ಟಿಗೆಯನ್ನು ಹಿಂದಿನ ಸೀಟಿನಲ್ಲಿ ಬಿಟ್ಟು, ಕಾರಿನ ಗಾಜು ಏರಿಸಿ ಒಳಗೆ ಓಡಿದರು. ಮಧ್ಯಾಹ್ನವೆಲ್ಲ ಅಕ್ಕನ ಕೈ ಹಿಡಿದು ಕೂತರು.

ಸಂಜೆ ಆಫೀಸಿನಲ್ಲಿ ಪೆಟ್ಟಿಗೆ ಬಿಚ್ಚಿದವಳು ನಾನು. ಮೊದಲ ರೆಕಾರ್ಡಿನ ಅಂಚು ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಎದ್ದಿತ್ತು. ಎರಡನೆಯದೂ ಹಾಗೆಯೇ. ಪೆಟ್ಟಿಗೆಯ ತಳದವರೆಗೂ ನೆಟ್ಟಗಿರುವ ಒಂದೂ ಇರಲಿಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಬಿಸಿಲಲ್ಲಿ ನಿಂತ ಕಾರು ಒಲೆಯಾಗುತ್ತದೆಂಬುದು ಚಳಿ ದೇಶದವರ ತಲೆಗೆ ಹೋಗುವುದೇ ಇಲ್ಲವೇ ಎಂದು ಬೈಯಲು ಬಾಯಿ ತೆರೆದೆ. ಯಜಮಾನರ ಮುಖ ನೋಡಿ ಮುಚ್ಚಿಕೊಂಡೆ.

"ಅಚ್ಚು ಡೆನ್ಮಾರ್ಕಿನಲ್ಲೇ ಇರುತ್ತಲ್ಲ, ಫೋನ್ ಮಾಡಿ. ಇನ್ನೊಂದು ಕಳಿಸಲಿ," ಎಂದೆ.

"ಈಗ ಜುಲೈ," ಎಂದರು.

ಅದರ ಅರ್ಥ ನನಗೆ ಆವತ್ತೇ ತಿಳಿದದ್ದು. ಡೆನ್ಮಾರ್ಕಿನಲ್ಲಿ ಜುಲೈ ಬಂದರೆ ಕಾರ್ಖಾನೆಗಳೆಲ್ಲ ಒಟ್ಟಿಗೆ ರಜೆ ಹಾಕುತ್ತವೆ. ಬಾಗಿಲು ಹಾಕುವ ಮುಂಚೆ ಕಾರ್ಖಾನೆಯವರು ಮುಗಿಸಿ ಕಳಿಸಿದ ಕೊನೆಯ ಕೆಲಸವೇ ನಮ್ಮ ಪೆಟ್ಟಿಗೆ. ಮೂಲ ಟೇಪು ಬೀಗದೊಳಗೆ, ಬೀಗದ ಕೈ ಇಟ್ಟುಕೊಂಡವರು ಯಾವುದೋ ಸಮುದ್ರದ ದಂಡೆಯಲ್ಲಿ. ಆದರೂ ಮರುದಿನದಿಂದ ಫೋನ್ ಮಾಡುತ್ತಲೇ ಹೋದೆವು. ಒಂದು ದೇಶಕ್ಕೆ ದೇಶವೇ ಫೋನ್ ಎತ್ತದಿರುವುದನ್ನು ನಾನು ಅದೇ ಮೊದಲು ಕಂಡದ್ದು. ನಮ್ಮ ಯುಗಾದಿಗೆ ಇಲ್ಲಿ ಅರ್ಧ ದಿನ ರಜೆ ಕೇಳಲು ಹೆದರುತ್ತಿದ್ದವಳು, ಅವರ ರಜೆಗೆ ಬಾಯಿಗೆ ಬಂದ ಹಾಗೆ ಶಾಪ ಹಾಕಿದೆ.

ಯಜಮಾನರು ಊಟ ಬಿಟ್ಟರು. "ರೆಕಾರ್ಡು ಎಲ್ಲಿ?" ಎಂದು ಅಕ್ಕ ದಿನವೂ ಕೇಳುತ್ತಿದ್ದರು. "ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡಿದೆ," ಎಂದು ಇವರು ಹೇಳುತ್ತಿದ್ದರು. ಹೇಳಿ ಬಂದು, ಆಫೀಸಿನ ಕಿಟಕಿಯ ಹತ್ತಿರ ರೈಲು ನೋಡುತ್ತಾ ನಿಲ್ಲುತ್ತಿದ್ದರು.

ಕಡೆಗೆ, ಬಾಗಿದ ರೆಕಾರ್ಡುಗಳನ್ನು ಬಿಸಿಗಿಟ್ಟು ನೆಟ್ಟಗೆ ಮಾಡಿ ನೋಡೋಣವೆಂದು, ಪೆಟ್ಟಿಗೆಯನ್ನು ನಾನು ಮನೆಗೆ ಹೊತ್ತುಕೊಂಡು ಬಂದೆ. ನಮ್ಮ ಗ್ಯಾಸ್ ಓವನ್ನಿನಲ್ಲಿ ಪೈಲಟ್ ಎಂಬ ಸಣ್ಣ ಉರಿ ಯಾವಾಗಲೂ ಇರುತ್ತಿತ್ತು. ಚಳಿಗಾಲದಲ್ಲಿ ದೋಸೆ ಹಿಟ್ಟು ಹುದುಗಲು, ಮೊಸರು ಹೆಪ್ಪಾಗಲು ಅದರೊಳಗೇ ಇಡುತ್ತಿದ್ದೆ. ಅದರ ಬಿಸಿಯ ಹದ ನನ್ನ ಅಂಗೈಗೆ ಗೊತ್ತಿತ್ತು. ಮದುವೆಯ ಫೋಟೋಗಳ ಗಾಜು ಕಳಚಿ, ಎರಡು ಗಾಜಿನ ನಡುವೆ ಒಂದು ರೆಕಾರ್ಡು ಇಟ್ಟು, ಬೆಚ್ಚಗಾದ ಮೇಲೆ ಹೊರಗೆ ತೆಗೆದು, ಮೇಲೆ ದೋಸೆ ಕಾವಲಿ ಹೇರುತ್ತಿದ್ದೆ. ಪೈಲಟ್ ಬಿಸಿ ಸಾಲಲಿಲ್ಲ. ಉರಿ ಹಚ್ಚಿದರೆ ಹೆಚ್ಚಾಯಿತು. ಹಾಡಿನ ಗೆರೆಗಳೇ ಕರಗಿ ಹೋದವು.

"ಈ ಶೆಕೆಯಲ್ಲಿ ಓವನ್ ಆನ್ ಮಾಡ್ಕೊಂಡು ಕೂತಿದೀಯಲ್ಲೇ, ಹುಚ್ಚು ಹಿಡಿದಿದ್ಯಾ? ಪಾರ್ಟ್ ಟೈಮ್ ಜಾಬ್‌ಗೆ ಇಷ್ಟೊಂದು ಟೆನ್ಷನ್ ಯಾಕೆ?" ಎಂದರು ನನ್ನ ಗಂಡ.

"ಆ ಮುದುಕಿ ಕೇಳದೇ ಸತ್ತುಹೋದ್ರೆ ಆ ಮನುಷ್ಯ ಉಳಿಯಲ್ಲ ಕಣ್ರೀ. ಸುಮ್ನೆ ಆ ಫ್ಯಾನ್ ಈ ಕಡೆ ತಿರುಗಿಸಿ," ಎಂದು ರೇಗಿದೆ. ಮಾತು ಮುಗಿಯುವಷ್ಟರಲ್ಲಿ ಅಳು ಬಂತು.

ಒಂದೊಂದೇ ಹಾಳಾಗುತ್ತಾ ಹೋಗಿ ಪೆಟ್ಟಿಗೆ ಬರಿದಾಗುತ್ತಾ ಬಂತು. ಉರಿ ಹಚ್ಚಿ, ಆರಿಸಿ, ಕೈಯಿಟ್ಟು ನೋಡಿ, ಆಮೇಲೆ ಒಳಗಿಟ್ಟ ಒಂದು ಮಾತ್ರ ಸುಮಾರಾಗಿ ನೆಟ್ಟಗಾಯಿತು. ಅದರಲ್ಲೂ ಒಂದೇ ಬದಿಯಲ್ಲಿ ಮುಳ್ಳು ಹಾರದೆ ಓಡಿತು. ಆದರೆ ಉಳಿದಿದ್ದ ಅಲೆಗೆ ಸ್ವರ ಏರುತ್ತಿತ್ತು, ಜಾರುತ್ತಿತ್ತು. ಅದಕ್ಕಿಂತ ಚೆನ್ನಾಗಿ ಮಾಡುವುದು ನನ್ನಿಂದ ಆಗಲಿಲ್ಲ.

ಚಿಕ್ಕ ಪ್ಲೇಯರ್ ಹಿಡಿದು ಮರುದಿನ ಇಬ್ಬರೂ ಆಸ್ಪತ್ರೆಗೆ ಹೋದೆವು. ಅಕ್ಕ ದಿಂಬಿಗೆ ಒರಗಿ, ತಲೆ ಬಾಚಿಸಿಕೊಂಡು ಕಾಯುತ್ತಿದ್ದರು. ಯಜಮಾನರು ಮುಳ್ಳು ಇಟ್ಟರು. ಆಕೆ ಕಣ್ಣು ಮುಚ್ಚಿದರು. ಚೆಲ್ಲೊ ಎಂಬ ದೊಡ್ಡ ಪಿಟೀಲು ಶುರುವಾಗಿ ಒಂದು ಉದ್ದನೆಯ ಸ್ವರ ಹಿಡಿಯಿತು, ಜಾರಿತು. ಆಕೆಯ ಹುಬ್ಬು ಗಂಟಾಯಿತು. ಪಿಟೀಲು ಜಾರಿತು. ಬದಿ ಮುಗಿಯುವ ಮುಂಚೆಯೇ ಕೈ ಎತ್ತಿ ನಿಲ್ಲಿಸಿದರು.

"ಅಭ್ಯಾಸವೇ ಮಾಡಿಲ್ಲ ಇವರು. ಶ್ರುತಿಯೇ ಇಲ್ಲ," ಎಂದು ನನಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಹೇಳಿದರು. "ಇದನ್ನು ನನ್ನ ಹೆಸರಿನಲ್ಲಿ ಮಾರಬೇಡ." ಗೋಡೆಯ ಕಡೆಗೆ ಮುಖ ತಿರುಗಿಸಿದರು.

ಇಷ್ಟು ವರ್ಷ ಕಾದು, ತನ್ನ ಕೃತಿಯನ್ನು ಯಾರೋ ಹಾಳುಗೆಡವಿದರು ಎಂದುಕೊಂಡೇ ಆಕೆ ಹೋಗುತ್ತಾರಲ್ಲ. ನಿಜ ಹೇಳಿಬಿಡೋಣವೆನಿಸಿತು. ಆದರೆ ಅದು ಯಜಮಾನರೇ ಹೇಳಬೇಕಾದ ಮಾತು. ಅವರು ಮುಳ್ಳನ್ನು ಎತ್ತಿಟ್ಟರು.

"ವಾದಕರ ತಪ್ಪಲ್ಲ. ರೆಕಾರ್ಡನ್ನು ನಾನು ಬಿಸಿಲಲ್ಲಿ ಕಾರಿನೊಳಗೆ ಬಿಟ್ಟೆ. ಬೇರೆ ಒಂದೂ ಉಳಿದಿಲ್ಲ," ಎಂದರು.

"ಬಿಟ್ಟು ಎಲ್ಲಿಗೆ ಹೋಗಿದ್ದೆ?"

"ಇಲ್ಲಿಗೆ. ನಿನ್ನ ಹತ್ತಿರವೇ ಇದ್ದೆ."

ಅಕ್ಕ ಈ ಕಡೆ ತಿರುಗಿದರು. ತಮ್ಮನನ್ನು ನೋಡಿದರು. ಆಮೇಲೆ ಪ್ಲೇಯರಿನ ಕಡೆ ಬೆರಳು ತೋರಿಸಿದರು. "ಮೊದಲಿನಿಂದ ಹಾಕು."

ಈ ಸಲ ಚೆಲ್ಲೊ ಜಾರಿದಲ್ಲೆಲ್ಲ ಆಕೆ ತಾವೇ ಆ ಸ್ವರ ಹಿಡಿದರು. ದನಿ ದಾರದಷ್ಟು ತೆಳ್ಳಗಿತ್ತು, ಆದರೆ ಅಲುಗಲಿಲ್ಲ. ರೆಕಾರ್ಡು ಬಾಗಿದರೂ ಆಕೆ ಬಾಗಲಿಲ್ಲ. ವರ್ಷಗಟ್ಟಲೆ ತಂಬೂರಿಯ ಪಕ್ಕದಲ್ಲಿ ಕೂತವಳು ನಾನು, ಅಂಥ ಶ್ರುತಿಯನ್ನು ಅಷ್ಟು ಕಡಿಮೆ ಉಸಿರಿನಲ್ಲಿ ಯಾರೂ ನಿಲ್ಲಿಸಿದ್ದನ್ನು ಕೇಳಿಲ್ಲ. ಅರ್ಧ ದಾರಿಯಲ್ಲಿ ಉಸಿರು ಸಾಲದೆ ದನಿ ನಿಂತಿತು. ತುಟಿ ಮಾತ್ರ ಅಲ್ಲಾಡುತ್ತಿತ್ತು.

ಆಗ ಯಜಮಾನರು, ಆಫೀಸಿನಲ್ಲಿ ಒಂದು ದಿನವೂ ಗುನುಗದಿದ್ದವರು, ಮಂಚದ ಪಕ್ಕ ಮೊಣಕಾಲೂರಿ ಕೂತು ಆ ಸ್ವರವನ್ನು ಎತ್ತಿಕೊಂಡರು. ಅವರ ಸ್ವರ ಕೆಳಗೆ ಬೀಳುತ್ತಿತ್ತು, ನನಗೇ ಗೊತ್ತಾಗುವಷ್ಟು.

ಅಕ್ಕ ತಿದ್ದಲಿಲ್ಲ.