ಮಾಮಾ ತಂದ ಕಾಗದ

ಮಾಮಾನ ಬಲ ಹೆಗಲ ಮೇಲೆ ಲಿಂಬೆಹಣ್ಣಿನ ಗಾತ್ರದ ಒಂದು ಗಂಟಿತ್ತು. ವರ್ಷಗಟ್ಟಲೆ ಕಾವಡಿ ಹೊತ್ತು ಬಿದ್ದ ಜಡ್ಡು. ಚಿಕ್ಕವನಿದ್ದಾಗ ನಾನು ಅದನ್ನು ಒತ್ತಿದರೆ, "ಹಗೂರ ಅಳ್ಯಾ, ಅದರಾಗ ನಿಮ್ಮವ್ವನ ತವರಮನಿ ಐತಿ" ಎಂದು ನಗುತ್ತಿದ್ದ.

ಅವನು ಅವ್ವನ ಅಣ್ಣ. ಅವರ ಊರು ಅನಮೋಡ ಘಟ್ಟದ ಕೆಳಗೆ, ಗೋವೆಯ ಸೀಮೆಯಲ್ಲಿ. ಅಲ್ಲಿಂದ ತೆಂಗಿನಕಾಯಿ, ಕೋಕಮ್ ಸಿಪ್ಪೆ ಹೊತ್ತು ಘಟ್ಟ ಹತ್ತಿ ಜೋಯಿಡಾ ಕಡೆಯ ಹಳ್ಳಿಗಳಲ್ಲಿ ಮಾರುತ್ತಿದ್ದ. ಗೋವೆ ಆಗಿನ್ನೂ ಪೋರ್ತುಗೀಜರ ಕೈಯಲ್ಲಿತ್ತು. ಗಡಿ ಮುಚ್ಚಿದಾಗ ಮಾಮಾ ಈ ಕಡೆ ಇದ್ದ, ಅವನ ತಾಯಿ, ನನ್ನ ಆಯಿ, ಆ ಕಡೆ ಉಳಿದಳು. ದಾಂಡೇಲಿಯ ನಮ್ಮ ಮನೆಗೆ ಬಂದವನು, ಅಪ್ಪ ಕೆಲಸ ಮಾಡುತ್ತಿದ್ದ ಕಟ್ಟಿಗೆ ಡಿಪೋದಲ್ಲೇ ಹಮಾಲಿಗೆ ಸೇರಿದ. ಮದುವೆಯಾಗಲಿಲ್ಲ. ಊಟಕ್ಕೆ ಕೂತರೆ ಮೊದಲ ತುತ್ತು ಎತ್ತುವ ಮುಂಚೆ, "ಆಯಿ ಉಂಡಾಳೋ ಇಲ್ಲೋ" ಎನ್ನುತ್ತಿದ್ದ. ಹೋಗಿ ನೋಡಿ ಬರುವ ಧೈರ್ಯ ಮಾತ್ರ ಇರಲಿಲ್ಲ. ಕಾಡಿನಲ್ಲಿ ಹುಲಿಯ ಹೆಜ್ಜೆ ಕಂಡರೂ ಬೀಡಿ ಸೇದುತ್ತ ನಡೆಯುವ ಮನುಷ್ಯ, ಪೊಲೀಸರ ಟೊಪ್ಪಿಗೆ ಕಂಡರೆ ದಾರಿ ಬಿಟ್ಟು ನಿಲ್ಲುತ್ತಿದ್ದ. "ಹುಲಿ ಹಸದಾಗಷ್ಟ ಹಿಡೀತೈತಿ. ಇವರು ಹಂಗಲ್ಲ" ಎನ್ನುತ್ತಿದ್ದ.

ಬಿ.ಎ. ಮುಗಿಸಿ ನಾನು ಎಂ.ಎ.ಗೆಂದು ಧಾರವಾಡಕ್ಕೆ ಅರ್ಜಿ ಕಳಿಸಿದೆ. ಕಳಿಸಿದ ಮರುದಿನದಿಂದಲೇ ಚಿಂತೆ ಶುರುವಾಯಿತು. ಹುಟ್ಟಿದ ಊರು ಎಂಬಲ್ಲಿ ನಾನು ಇದ್ದದ್ದನ್ನು ಇದ್ದಂತೆ ಬರೆದಿದ್ದೆ. ಮೊದಲ ಹೆರಿಗೆ ತವರಿನಲ್ಲೇ ಆಗಬೇಕಲ್ಲ, ನಾನು ಹುಟ್ಟಿದ್ದು ಗೋವೆಯ ಆಯಿಯ ಮನೆಯಲ್ಲಿ. ಆದರೆ ಸಾಲೆಗೆ ಹಚ್ಚುವಾಗ ಅಪ್ಪ ತನ್ನ ಊರಾದ ಹಳಿಯಾಳವನ್ನೇ ಬರೆಸಿಬಿಟ್ಟಿದ್ದ. ಸರ್ಟಿಫಿಕೇಟಿನಲ್ಲಿ ಹಳಿಯಾಳ, ಅರ್ಜಿಯಲ್ಲಿ ಪರದೇಶ! ಸುಳ್ಳು ಮಾಹಿತಿ ಕಂಡುಬಂದರೆ ಪ್ರವೇಶ ರದ್ದು ಎಂದು ಅರ್ಜಿಯ ಅಡಿಯಲ್ಲಿ ಅಚ್ಚಾಗಿತ್ತು. ಸೀಟು ಹೋದರೆ ನನಗೂ ಡಿಪೋದ ಕಟ್ಟಿಗೆಯೇ ಗತಿ. ಊಟ ಸೇರದಾಯಿತು. ಅವ್ವ ದೃಷ್ಟಿ ತೆಗೆದಳು.

"ಓದಿ ಓದಿ ಮರುಳಾದ ಕೂಚಂಭಟ್ಟ ಅಂದಂಗಾತು" ಎಂದು ಮಾಮಾ ನಕ್ಕ. "ಹುಟ್ಟಿದ್ದು ಹುಟ್ಟೀದಿ. ಅದು ಹೆಂಗ ತಪ್ಪ ಆಗ್ತೈತೋ?"

"ಸಾಕ್ಷಿ ಬೇಕಲ್ಲ ಮಾಮಾ" ಎಂದೆ.

ಮಾಮಾನ ನಗು ನಿಂತಿತು. "ನೀ ಹುಟ್ಟಿದಾಗ ಅಲ್ಲಿ ಕಚೇರಿಯೊಳಗ ನಿನ್ನ ಹೆಸರು ನಾನ ಬರಸೇನಿ. ಕೇಳಿದ್ರ ಕಾಗದಾ ಕೊಡ್ತಾರ" ಎಂದ.

ಮರುದಿನ ಅವನು ಡಿಪೋಕ್ಕೆ ಹೋಗಲಿಲ್ಲ. ಅನಮೋಡದ ಕಡೆ ಹೊರಟ ಲಾರಿ ಹತ್ತಿದನಂತೆ ಎಂದು ಸಂಜೆ ಅಪ್ಪ ಬಂದು ಹೇಳಿದ. ಅವ್ವ ಒಲೆಯ ಮುಂದೆ ಕುಸಿದು ಕೂತಳು. ಮಳೆ ಹಿಡಿಯಿತು. ವಾರ ಕಳೆಯಿತು, ಇನ್ನೊಂದೂ ಕಳೆಯಿತು. ನನಗೆ ಅರ್ಜಿಯ ಚಿಂತೆ ಹೋಗಿ ಅವನ ಚಿಂತೆ ಹತ್ತಿತು.

ಬಂದಾಗ ಮೈ ಕಾದ ಹಂಚಿನಂತೆ ಸುಡುತ್ತಿತ್ತು. ಕಾವಲಿನವರ ಕಣ್ಣು ತಪ್ಪಿಸಿ ಕಾಡಿನೊಳಗಿಂದ ಇಳಿದು, ಕಾಡಿನೊಳಗಿಂದಲೇ ಹತ್ತಿ ಬಂದಿದ್ದ. ಸೊಂಟದ ಗಂಟು ಬಿಚ್ಚಿ, ಮೇಣಬಟ್ಟೆಯಲ್ಲಿ ಸುತ್ತಿದ ಕಾಗದ ತೆಗೆದುಕೊಟ್ಟ. ಪೋರ್ತುಗೀಜ ಬರಹ. ನನ್ನ ಹೆಸರು ಬಿಟ್ಟರೆ ಒಂದಕ್ಷರವೂ ತಿಳಿಯಲಿಲ್ಲ.

"ಆಯಿ ಅದಾಳ ತಂಗಿ" ಎಂದು ಅವ್ವನಿಗೆ ಹೇಳಿದ. "ಕಣ್ಣ ಹೋಗ್ಯಾವು. ನನ್ನ ಮಾರಿ ಸವರಿ ಗುರ್ತ ಹಿಡದ್ಳು."

ಬೆಳಗಾದರೆ ಹೋಗಿ ಕೊಟ್ಟು ಬಾ ಎಂದು ಹಟ ಹಿಡಿದು ನನ್ನನ್ನು ಬಸ್ಸು ಹತ್ತಿಸಿದ. ಧಾರವಾಡದ ಕಚೇರಿಯಲ್ಲಿದ್ದ ಹಿರಿಯ ಗುಮಾಸ್ತರು ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ನನ್ನ ಕೈಗೇ ಮರಳಿ ಇಟ್ಟರು. "ಇದು ಬೇಕಾಗೂದಿಲ್ರೆಪಾ. ಹುಟ್ಟಿದ ಊರು ನಾವು ನೋಡೂದಿಲ್ಲ, ಮಾರ್ಕ್ಸ್ ನೋಡ್ತೀವಿ. ನಿಮ್ಮ ಹೆಸರು ಆಗಲೇ ಯಾದಿಯೊಳಗ ಬಂದೈತಿ" ಎಂದರು. ಸಂತೋಷವಾಗಬೇಕಿತ್ತು. ಅಲ್ಲೇ ಗೋಡೆಗೆ ಆತು ನಿಂತು ಅತ್ತುಬಿಟ್ಟೆ.

ಮನೆಗೆ ಬಂದಾಗ ಮಾಮಾ ಕಣ್ಣು ತೆರೆದ. "ತಗೊಂಡ್ರೇನೋ?"

"ತಗೊಂಡ್ರು ಮಾಮಾ. ಇದು ಇರ್ಲಿಲ್ಲಂದ್ರ ಸೀಟ್ ಹೋಗ್ತಿತ್ತಂತ."

ಕಾಗದ ನನ್ನ ಕಿಸೆಯಲ್ಲೇ ಇತ್ತು. ಅವನು ಅವ್ವನ ಕಡೆ ಮುಖ ಹೊರಳಿಸಿ, "ಕೇಳಿದೇನ ತಂಗಿ?" ಎಂದ. ಅಪ್ಪ ಗುಳಿಗೆ ತಂದ, ಔಷಧ ತಂದ. ಚಳಿಜ್ವರ ಇಳಿಯಲಿಲ್ಲ. ಆ ವಾರವೇ ಮಾಮಾ ತೀರಿಕೊಂಡ. ಆಯಿಗೆ ಸುದ್ದಿ ಮುಟ್ಟಿಸಲು ದಾರಿಯಿರಲಿಲ್ಲ. ಮುಂದೆ ಗಡಿ ತೆರೆದು ಅವ್ವ ಹೋಗುವ ಹೊತ್ತಿಗೆ ಆಕೆಯೂ ಇರಲಿಲ್ಲ.

ನನ್ನ ಚಿಂತೆಯ ನೆವದಿಂದಲಾದರೂ ಮಾಮಾ ತಾಯಿಯ ಮುಖ ನೋಡಿ ಬಂದ ಎಂದು ಸಮಾಧಾನ ಹೇಳಿಕೊಳ್ಳಲು ನೋಡುತ್ತೇನೆ. ಆಗುವುದಿಲ್ಲ.

ನಾನು ಎಂ.ಎ. ಮಾಡಿದೆ, ಕಾಲೇಜಿನಲ್ಲಿ ಪಾಠ ಹೇಳಿದೆ. ಅವ್ವ ಕೊನೆಯತನಕ ಮನೆಗೆ ಬಂದವರ ಮುಂದೆಲ್ಲ ಹೇಳುತ್ತಿದ್ದಳು: "ನಮ್ಮಣ್ಣ ಜೀವಾ ಕೊಟ್ಟು ಕಾಗದಾ ತಂದಾ. ಅದಕ್ಕ ಇವಗ ಸೀಟ ಸಿಕ್ತು." ಹೇಳಿ ನನ್ನ ಕಡೆ ನೋಡುವಳು. "ಹೌದಿಲ್ಲೋ?"

"ಹೌದವಾ" ಎನ್ನುತ್ತಿದ್ದೆ.